ಸ್ಟಾಕ್ ಶೀಟಲ್ಲಿ ಚಟ್ಟಿಗೆ ಜಾಗ ಇಲ್ಲ

ನಮ್ಮ ಮೈಸೂರಿನ ಗೋಡೌನಲ್ಲಿ ಮಣ್ಣಿನ ಸಾಮಾನಿಗೆ ಎರಡೇ ಕಾಲಂ: ಲೀಟರು, ರೇಟು. ಸ್ಟೀಲ್ ಡಬ್ಬಿಗೆ ಮಾಡಿಸಿದ ಸಾಫ್ಟ್‌ವೇರನ್ನೇ ಮಡಕೆಗೂ ಹಚ್ಚಿದ್ದಾರೆ. ಮಂಡ್ಯ ಕಡೆಯಿಂದ ಲೋಡ್ ಬಂದರೆ ಇಳಿಸೋದು, ಅಳೆಯೋದು, ಚೀಟಿ ಅಂಟಿಸಿ ರ‍್ಯಾಕಿಗೆ ಏರಿಸೋದು.

ಮಡಕೆಯಲ್ಲೇ ನಾಟಿಕೋಳಿ ಸಾರು ಮಾಡ್ತೀವಿ ಅಂತ ಒಂದು ಹೋಟೆಲಿನವರು 5 ಲೀಟರಿನದು ತರಿಸಿಕೊಂಡರು. ಡೆಲಿವರಿ ದಿನವೇ ಅಡುಗೆಯವರು "ಸೌಟು ಸರಿಯಾಗಿ ಒಳಗೆ ಆಡಲ್ವಲ್ಲ ಸಾರ್" ಅಂದಿದ್ದರು. "ಅದು ಡಿಸೈನು, ನೋಡಿ ತಳ ಎಷ್ಟು ಚಪ್ಪಟೆ, ಗ್ಯಾಸಿನ ಮೇಲೆ ಅಲುಗಾಡಲ್ಲ" ಅಂದೆ ನಾನು.

ಓಪನಿಂಗ್ ದಿನ ಫೋನ್ ಬಂತು. ಹೋಗಿ ನೋಡಿದರೆ ಮಡಕೆ ಒಡೆದು ಸ್ಟವ್ ಪೂರ್ತಿ ಸಾರು, ಮಸಾಲೆ ಸೀದ ವಾಸನೆ. ಉರಿ ಜಾಸ್ತಿಯಾಗಿದೆ, ಸಿಮ್‌ನಲ್ಲಿಡಿ ಅಂತ ಇನ್ನೊಂದು ಇಡಿಸಿದೆ. ಓನರ್, ಅಡುಗೆಯವರು, ಕ್ಲೀನರ್ ಹುಡುಗ, ಎಲ್ಲರೂ ಅದನ್ನೇ ನೋಡ್ತಾ ನಿಂತೆವು. ಸಾರು ನಿಧಾನಕ್ಕೆ ಕುದಿಯೋಕೆ ಹತ್ತಿತು, ನನಗೆ ಹೋದ ಜೀವ ಬಂತು. ಆಗ ಟಕ್ ಅಂತ ಸದ್ದು. ತಳದ ಅಂಚಿಂದ ಸಣ್ಣ ಗೆರೆಯೊಂದು ಮೇಲಕ್ಕೆ ಹತ್ತಿ, ಅದರಲ್ಲಿ ಎಣ್ಣೆ ಜಿನುಗಿತು. ಓನರ್ ಬೈಯಲಿಲ್ಲ. ಬಿಲ್ ವಾಪಸ್ ಕೈಗಿಟ್ಟರು.

ಒಡೆದದ್ದನ್ನು ಕುಂಬಾರಜ್ಜನ ಹತ್ರ ಒಯ್ದೆ. ಕಂಠ ನೋಡಿದ್ದೇ, "ಇದು ನೀರ್ ಗಡಿಗೆ ಕನಪ್ಪ. ಒಲೆ ಮ್ಯಾಲೆ ಯಾವನ್ ಇಟ್ಟ?" ಅಂದರು.

ಅವರಿಗೆ ಲೀಟರು ಲೆಕ್ಕಕ್ಕೇ ಇಲ್ಲ. ಮೊದಲು ಒಲೆಗೆ ಇಡುವುದೋ, ಇಡದ್ದೋ. ಆಮೇಲೆ ಬಾಯಿ. ಮುದ್ದೆ ಮಡಕೆಯಲ್ಲಿ ಕೋಲು ಆಡಬೇಕು, ಬಾಯಿ ಅಗಲ. ಸಾರಿನ ಚಟ್ಟಿಯದು ಇನ್ನೂ ಅಗಲ. ನೀರಿನದಕ್ಕೆ ಕಂಠ ಕಿರಿದು. ಗಾತ್ರ ಕಡೆಗೆ: ಮೊಸರಿಗೆ ಕುಡಿಕೆ, ಕಾಳು ತುಂಬೋಕೆ ಆಳೆತ್ತರದ ವಾಡೆ. ಒಲೆಯದಾದರೆ ಜೇಡಿಗೆ ಮರಳು ಬೆರೆಸಿ, ತಳವನ್ನು ಹಲಗೆಯಲ್ಲಿ ತಟ್ಟಿ ತಟ್ಟಿ ತೆಳ್ಳಗೆ, ದುಂಡಗೆ ಮಾಡ್ತಾರೆ. ಕಾವು ಎಲ್ಲ ಕಡೆ ಹರಡುತ್ತೆ, ಸೀಳು ಹಿಡಿಯೋಕೆ ಮೂಲೆಯೇ ಇರಲ್ಲ. ನಾನು ಹೊಗಳಿದ ಚಪ್ಪಟೆ ತಳ ಸ್ಟ್ಯಾಂಡ್ ಮೇಲೆ ಕೂರಿಸಿ ನಲ್ಲಿ ಹಾಕೋಕಂತೆ. ನೀರಿನ ಗಡಿಗೆ ಬೆವರಬೇಕು, ಆ ನೀರು ಆರುತ್ತಲೇ ಒಳಗೆ ತಣ್ಣಗಾಗೋದು. ನಮ್ಮ ರ‍್ಯಾಕಲ್ಲಿ ಎರಡಕ್ಕೂ ಒಂದೇ ಕೋಡು.

ಒಲೆಯದೋ ನೀರಿಂದೋ ಅಂತ ಒಂದು ಕಾಲಂ ಸೇರಿಸಿ ಅಂತ ಮೀಟಿಂಗಲ್ಲಿ ಕೇಳಿದೆ. "ಮುಂದಿನ ಅಪ್‌ಡೇಟಲ್ಲಿ ನೋಡೋಣ" ಅಂದರು. ಈಗ ಲೋಡ್ ಜೊತೆ ಬರೋ ಅಜ್ಜನ ಮಗ ಒಂದೊಂದರ ಹೆಸರು ಕೂಗ್ತಾನೆ, ನಾನು ಸೀಮೆಸುಣ್ಣದಲ್ಲಿ ಹೊಟ್ಟೆ ಮೇಲೆ ಬರೀತೀನಿ. ಫೋಟೋದಲ್ಲಿ ಗಲೀಜಾಗಿ ಕಾಣುತ್ತೆ ಅಂತ ಮ್ಯಾನೇಜರ್ ತಕರಾರು.