ಮೂರನೇ ದಿನ ಎಸೆದ ಪ್ಲೇಟು

ನನ್ನ ಕೆಲಸ ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ. ಕೀವು, ರಕ್ತ, ಮೂತ್ರ, ಏನು ಬಂದರೂ ಪ್ಲೇಟಿಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗೆ, ಹಾಕುತ್ತೇನೆ. ಏನು ಬೆಳೆಯಿತು ಎಂದು ನೋಡಿ ರಿಪೋರ್ಟ್ ಬರೆಯುತ್ತೇನೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಬಂದ ಒಂದು ಮಾದರಿಯ ಬಗ್ಗೆ ಇಲ್ಲಿ ಬರೆಯಬೇಕು.

ಹನ್ನೊಂದು ವರ್ಷದ ಹುಡುಗಿ. ಕಂಕುಳಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ. ಸೂಜಿಯಿಂದ ಎಳೆದ ಕೀವು ಬಂದಿತ್ತು. ಫಾರ್ಮಿನಲ್ಲಿ ಇದ್ದದ್ದು ಎರಡೇ ಮಾತು: ಕಂಕುಳ ಗಡ್ಡೆ, ಕಲ್ಚರ್. ಗ್ರಾಮ್ ಸ್ಟೇನ್ ಎಂಬ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕೀವಿನ ಕಣಗಳು ಜಾಸ್ತಿ ಇದ್ದವು, ಬ್ಯಾಕ್ಟೀರಿಯಾ ಒಂದೂ ಕಾಣಲಿಲ್ಲ. ಮೂರನೇ ದಿನವೂ ಪ್ಲೇಟು ಖಾಲಿ. "ಬೆಳವಣಿಗೆ ಇಲ್ಲ" ಎಂದು ಬರೆದು ಕಳಿಸಿದೆ. ಪ್ಲೇಟಿನ ಜೊತೆ ಉಳಿದ ಕೀವನ್ನೂ ಎಸೆದೆ.

ಮೂರು ವಾರದ ಮೇಲೆ ಸೋಂಕುರೋಗದ ವೈದ್ಯರೊಬ್ಬರು ಆ ರಿಪೋರ್ಟ್ ಹಿಡಿದುಕೊಂಡು ಲ್ಯಾಬಿಗೇ ಬಂದರು. ಅಷ್ಟರಲ್ಲಿ ಆ ಗಡ್ಡೆಯನ್ನು ಕೊಯ್ದು ಕೀವು ತೆಗೆದಿದ್ದರು. ಗಾಯ ಮುಚ್ಚುತ್ತಲೇ ಇರಲಿಲ್ಲ, ಸುಮ್ನೆ ಸೋರುತ್ತಿತ್ತು. ಕ್ಷಯ ಇರಬಹುದು ಎಂದು ಪರೀಕ್ಷೆಗಳೂ ಆಗಿದ್ದವು. "ಬೆಕ್ಕಿದೆಯಾ ಅಂತ ಯಾರಾದರೂ ಕೇಳಿದ್ರಾ?" ಎಂದು ಅವರು ಕೇಳಿದರು. ಯಾರೂ ಕೇಳಿರಲಿಲ್ಲ. ಮನೆಯಲ್ಲಿ ಬೆಕ್ಕಿನ ಮರಿ ಇತ್ತು. ಹುಡುಗಿಯ ಕೈಮೇಲೆ ಅದು ಪರಚಿದ ಜಾಗದಲ್ಲಿ ಒಂದು ಸಣ್ಣ ಗುಳ್ಳೆ ಎದ್ದು ಒಣಗಿತ್ತು. ಮನೆಯವರು ಸೊಳ್ಳೆ ಕಡಿದದ್ದು ಅಂದುಕೊಂಡಿದ್ದರು.

ಮತ್ತೆ ಮಾದರಿ ತೆಗೆದು ಪಿಸಿಆರ್ (ಜೀವಿಯ ಡಿಎನ್‌ಎ ಹುಡುಕುವ ಪರೀಕ್ಷೆ) ಮಾಡಿಸಿದರು. ಬಾರ್ಟೊನೆಲ್ಲಾ ಹೆನ್ಸೆಲೇ ಎಂದು ಬಂತು.

ಈ ಬ್ಯಾಕ್ಟೀರಿಯಾ ಬೆಕ್ಕಿನಿಂದ ಬೆಕ್ಕಿಗೆ ಹರಡುವುದು ಚಿಗಟದಿಂದ. ಚಿಗಟದ ಹಿಕ್ಕೆ ಬೆಕ್ಕಿನ ಉಗುರಿಗೆ ಅಂಟಿರುತ್ತದೆ, ಪರಚಿದಾಗ ಚರ್ಮದೊಳಗೆ ಹೋಗುತ್ತದೆ. ಬೆಕ್ಕಿನಲ್ಲಿ ಸಾಮಾನ್ಯವಾಗಿ ರೋಗದ ಲಕ್ಷಣವೇ ಇರುವುದಿಲ್ಲ. ಪರಚಿದ ಒಂದರಿಂದ ಮೂರು ವಾರದಲ್ಲಿ ಹತ್ತಿರದ ಹಾಲ್ರಸದ ಗ್ರಂಥಿ (ಲಿಂಫ್ ನೋಡ್) ಊದಿಕೊಳ್ಳುತ್ತದೆ. ಅದಕ್ಕಾಗಿ ಬೆಕ್ಕನ್ನು ಮನೆಯಿಂದ ಓಡಿಸಬೇಕಿಲ್ಲ. ಚಿಗಟ ಹೋಗಲಾಡಿಸಬೇಕು, ಪರಚಿದ ಜಾಗವನ್ನು ತಕ್ಷಣ ಸೋಪು ಹಾಕಿ ತೊಳೆಯಬೇಕು.

ಪ್ಲೇಟನ್ನು ಇನ್ನೂ ಮೂರು ವಾರ ಇಟ್ಟಿದ್ದರೂ ಈ ಬ್ಯಾಕ್ಟೀರಿಯಾ ಬೆಳೆಯುತ್ತಿತ್ತು ಎಂದು ಹೇಳಲಾರೆ. ತಾಜಾ ಆಗರ್ (ಪ್ಲೇಟಿನಲ್ಲಿ ಹಾಕುವ ಜೆಲ್ಲಿಯಂಥ ಆಹಾರ), 5% ಇಂಗಾಲದ ಡೈಆಕ್ಸೈಡ್, ತೇವ, 21 ದಿನ ಅಥವಾ ಇನ್ನೂ ಜಾಸ್ತಿ ಕಾಯುವುದು, ಇಷ್ಟೆಲ್ಲಾ ಮಾಡಿದರೂ ಎಷ್ಟೋ ಸಲ ಕೈಗೆ ಸಿಗದ ಜೀವಿ ಅದು. ನನ್ನ ತಪ್ಪು ಇದ್ದದ್ದು ರಿಪೋರ್ಟಿನಲ್ಲಿ. ಎಷ್ಟು ದಿನ ನೋಡಿದೆ, ಯಾವುದನ್ನು ಹುಡುಕಿದೆ, ಯಾವುದನ್ನು ಹುಡುಕಲೇ ಇಲ್ಲ, ಒಂದನ್ನೂ ಬರೆದಿರಲಿಲ್ಲ. ಓದಿದವರು "ಸೋಂಕಿಲ್ಲ" ಎಂದು ತಿಳಿದರು. "ಬೆಳವಣಿಗೆ ಇಲ್ಲ" ಎಂಬ ಆ ಎರಡು ಪದ ಬರೆದದ್ದು ನಾನು.

ಆ ದಿನ ವೈದ್ಯರಿಗೆ ನಾನೊಂದು ಪ್ರಶ್ನೆ ಕೇಳಿದೆ: ಈ ಬ್ಯಾಕ್ಟೀರಿಯಾ ಸಿಕ್ಕರೆ ಯಾವ ಆಂಟಿಬಯಾಟಿಕ್ ಕೆಲಸ ಮಾಡುತ್ತದೆ ಎಂದು ಸೆನ್ಸಿಟಿವಿಟಿ ಹಾಕಿಕೊಡಲಾ? ಅದರಿಂದ ಉಪಯೋಗ ಇಲ್ಲ ಎಂದರು. ನನಗೆ ನಂಬಲಾಗಲಿಲ್ಲ, ಅದೇ ಅಲ್ವಾ ನಮ್ಮ ದಿನದ ಕೆಲಸ? ಆದರೆ ಬಾರ್ಟೊನೆಲ್ಲಾ ವಿಷಯದಲ್ಲಿ ಪ್ಲೇಟಿನ ಮೇಲೆ ಪೆನಿಸಿಲಿನ್ ಕೂಡ ಚೆನ್ನಾಗಿ ಕೆಲಸ ಮಾಡಿದಂತೆ ಕಾಣುತ್ತದೆ, ರೋಗಿಯಲ್ಲಿ ಮಾತ್ರ ಕೈಕೊಡುತ್ತದೆ. ಈ ಬ್ಯಾಕ್ಟೀರಿಯಾ ರಕ್ತನಾಳದ ಒಳಪದರದ ಕೋಶಗಳೊಳಗೆ ಅಡಗಿ ಕೂರುವುದು ಇದಕ್ಕೆ ಮುಖ್ಯ ಕಾರಣ. ಹಾಗಾಗಿ ಚಿಕಿತ್ಸೆ ನಿರ್ಧಾರ ಆಗುವುದು ಸೋಂಕು ದೇಹದ ಯಾವ ಭಾಗದಲ್ಲಿದೆ, ರೋಗಿಯ ಪ್ರತಿರೋಧ ಶಕ್ತಿ ಹೇಗಿದೆ ಎಂಬುದರ ಮೇಲೆ.

ಆರೋಗ್ಯವಂತರಲ್ಲಿ ಬರೀ ಗಡ್ಡೆ ಇದ್ದರೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ತಿಂಗಳಲ್ಲಿ ತಾನಾಗಿ ಇಳಿಯುತ್ತದೆ. ಐದು ದಿನದ ಅಜಿತ್ರೋಮೈಸಿನ್ ಕೊಟ್ಟರೆ ಮೊದಲ ತಿಂಗಳಲ್ಲಿ ಗಡ್ಡೆ ಬೇಗ ಕರಗುತ್ತದೆ. ದೊಡ್ಡವರಿಗೆ ಮೊದಲ ದಿನ 500 ಮಿಲಿಗ್ರಾಂ, ಆಮೇಲೆ ನಾಲ್ಕು ದಿನ 250 ಮಿಲಿಗ್ರಾಂ. ಮಕ್ಕಳಿಗೆ ತೂಕ ನೋಡಿ. ಕೀವು ತುಂಬಿ ನೋವಾದರೆ ಸೂಜಿಯಿಂದ ಎಳೆಯುತ್ತಾರೆ. ಕೊಯ್ದರೆ ಸೋರುವ ದಾರಿಯೊಂದು ಉಳಿದುಬಿಡಬಹುದು, ಆ ಹುಡುಗಿಗೆ ಆದದ್ದು ಅದೇ. ಅವಳ ಗಾಯ ಕೊನೆಗೆ ಮುಚ್ಚಿತು. ಗುರುತು ಉಳಿಯಿತು.

ಇದೇ ಸೋಂಕಿನಿಂದ ಕಣ್ಣಿನ ನರ ಮತ್ತು ರೆಟಿನಾ ಊದಿಕೊಂಡರೆ ಡಾಕ್ಸಿಸೈಕ್ಲಿನ್ ಜೊತೆ ರಿಫಾಂಪಿಸಿನ್, ನಾಲ್ಕರಿಂದ ಆರು ವಾರ. ಎಚ್‌ಐವಿಯಿಂದ ಪ್ರತಿರೋಧ ಶಕ್ತಿ ತುಂಬಾ ಕುಸಿದವರಲ್ಲಿ ಈ ಸೋಂಕಿನಿಂದ ಚರ್ಮದ ಮೇಲೆ ಕೆಂಪು ಗಂಟುಗಳು ಏಳಬಹುದು. ನೋಡಲು ಕಪೋಸಿ ಸಾರ್ಕೋಮಾ ಎಂಬ ಕ್ಯಾನ್ಸರಿನಂತೆಯೇ ಇರುತ್ತವೆ. ಅದಕ್ಕೆ ಎರಿಥ್ರೋಮೈಸಿನ್ ಅಥವಾ ಡಾಕ್ಸಿಸೈಕ್ಲಿನ್, ಕನಿಷ್ಠ ಮೂರು ತಿಂಗಳು. ಗುಣವಾಗುವ ರೋಗವನ್ನು ಕ್ಯಾನ್ಸರ್ ಅಂದುಕೊಳ್ಳುವ ಸಾಧ್ಯತೆ ನೆನೆದರೆ ನನಗೆ ಈಗಲೂ ಹೊಟ್ಟೆ ಕಿವುಚುತ್ತದೆ.

ಎರಡು ವರ್ಷದ ಮೇಲೆ ಒಬ್ಬರ ರಕ್ತದ ಬಾಟಲಿಗಳು ಬಂದವು. ಹೃದಯದ ಕವಾಟದ ಮೇಲೆ ಸೋಂಕಿನ ಗಂಟು ಇದೆ, ತಿಂಗಳುಗಟ್ಟಲೆ ಸಣ್ಣ ಜ್ವರ, ತೂಕ ಇಳಿಯುತ್ತಿದೆ. ಬಾಟಲಿಯಲ್ಲಿ ಏನಾದರೂ ಬೆಳೆದರೆ ಸದ್ದು ಮಾಡುವ ಯಂತ್ರ ಐದು ದಿನವಾದರೂ ಸದ್ದು ಮಾಡಲಿಲ್ಲ. ಈ ಸಲ ಬಾಟಲಿ ಎಸೆಯುವ ಮೊದಲು ವಾರ್ಡಿಗೆ ಫೋನ್ ಮಾಡಿದೆ. ಅವರಿಗೆ ಮನೆ ಇರಲಿಲ್ಲ, ಮೈಮೇಲೆ ಹೇನಿತ್ತು ಎಂದು ಗೊತ್ತಾಯಿತು. ಬಟ್ಟೆಯ ಹೊಲಿಗೆಯಲ್ಲಿ ಇರುವ ಮೈಹೇನು ಬಾರ್ಟೊನೆಲ್ಲಾ ಕ್ವಿಂಟಾನಾ ಹರಡುತ್ತದೆ. ಮೊದಲ ಮಹಾಯುದ್ಧದಲ್ಲಿ ಕಂದಕಗಳಲ್ಲಿದ್ದ ಸೈನಿಕರನ್ನು ಮಲಗಿಸಿದ ಟ್ರೆಂಚ್ ಜ್ವರದ ಬ್ಯಾಕ್ಟೀರಿಯಾ ಇದೇ. ರಕ್ತದಲ್ಲಿ ಈ ಬ್ಯಾಕ್ಟೀರಿಯಾ ವಿರುದ್ಧದ ಐಜಿಜಿ ಪ್ರತಿಕಾಯ 1:800ಕ್ಕಿಂತ ಮೇಲಿತ್ತು, ಅಂದರೆ 800 ಪಟ್ಟು ತೆಳು ಮಾಡಿದರೂ ಕಾಣುವಷ್ಟು. ಹೃದಯದ ಒಳಪದರದ ಸೋಂಕನ್ನು ಗುರುತಿಸುವ 2023ರ ಡ್ಯೂಕ್ ಮಾನದಂಡದಲ್ಲಿ ಅಷ್ಟು ಮಟ್ಟವೇ ಒಂದು ಮುಖ್ಯ ಆಧಾರ.

ಅವರಿಗೆ ಡಾಕ್ಸಿಸೈಕ್ಲಿನ್ ದಿನಕ್ಕೆರಡು ಸಲ ಶುರು ಮಾಡಿದರು, ಆರು ವಾರ. ಮೊದಲ ಎರಡು ವಾರ ಜೆಂಟಾಮೈಸಿನ್ ಇಂಜೆಕ್ಷನ್ ಕೂಡ. ಜೆಂಟಾಮೈಸಿನ್ ಕಿಡ್ನಿಗೆ ಪೆಟ್ಟು ಕೊಡಬಹುದು, ಹಾಗಾಗಿ ದಿನವೂ ರಕ್ತ ಪರೀಕ್ಷೆ. ಕಿಡ್ನಿ ತಡೆಯದವರಿಗೆ ಬದಲಿಗೆ ರಿಫಾಂಪಿಸಿನ್ ಇದೆ. ಇವರಿಗೆ ಕವಾಟವನ್ನೂ ಬದಲಿಸಬೇಕಾಯಿತು. ತೆಗೆದ ಕವಾಟದ ಚೂರಿಗೆ ಬೆಳ್ಳಿಯ ಸ್ಟೇನ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ಕಪ್ಪು ಚುಕ್ಕಿಗಳ ಗುಂಪು. ಪ್ಲೇಟಿನ ಮೇಲೆ ಒಂದು ಸಲವೂ ಕಾಣದೇ ಇದ್ದ ಜೀವಿಯನ್ನು ಆವತ್ತು ಕಣ್ಣಾರೆ ಕಂಡೆ.

ಇನ್ನೊಂದು ಸಂಗತಿ ನನಗೆ ತುಂಬಾ ಹತ್ತಿರದ್ದು. ಬಾರ್ಟೊನೆಲ್ಲಾ ಎಂಬ ಹೆಸರು ಪೆರುವಿನ ಅಲ್ಬರ್ಟೊ ಬಾರ್ಟನ್ ಅವರಿಂದ ಬಂತು. ಹೆನ್ಸೆಲೇ ಎಂಬುದು ಬಂದದ್ದು ಡಯೇನ್ ಹೆನ್ಸೆಲ್ ಅವರಿಂದ. ಅವರು ಅಮೆರಿಕದ ಒಕ್ಲಹೋಮಾದ ಲ್ಯಾಬ್ ತಂತ್ರಜ್ಞೆ. ರೋಗಿಗಳ ರಕ್ತದಿಂದ ಆ ಬ್ಯಾಕ್ಟೀರಿಯಾದ ಹಲವು ತಳಿಗಳನ್ನು ಬೆಳೆಸಿ ತೆಗೆದವರು. 1992ರಲ್ಲಿ ಅದಕ್ಕೆ ಅವರ ಹೆಸರಿಟ್ಟರು. ನನ್ನ ಹಾಗೆಯೇ ಬೆಂಚಿನ ಮುಂದೆ ಕೂತು ಪ್ಲೇಟು ನೋಡುತ್ತಿದ್ದವರು.

ನಮ್ಮ ಫಾರ್ಮಿನಲ್ಲಿ ಈಗ ಪ್ರಾಣಿ, ಚಿಗಟ, ಹೇನು, ಪ್ರತಿರೋಧ ಶಕ್ತಿ, ಕವಾಟದ ತೊಂದರೆ ಎಲ್ಲಕ್ಕೂ ಜಾಗ ಇದೆ. ಖಾಲಿ ಬಿಟ್ಟು ಕಳಿಸಿದರೆ ಫೋನ್ ಮಾಡುತ್ತೇನೆ. ರಿಪೋರ್ಟಿನಲ್ಲಿ "ಮೂರು ದಿನ ನೋಡಿದೆ, ನಿಧಾನವಾಗಿ ಬೆಳೆಯುವ ಬ್ಯಾಕ್ಟೀರಿಯಾ ಹುಡುಕಿಲ್ಲ" ಎಂದು ಬರೆಯುತ್ತೇನೆ. ಉಳಿದ ಮಾದರಿಯನ್ನು ಫ್ರೀಜರಿನಲ್ಲಿ ಇಡುತ್ತೇನೆ. ಈ ತಿಂಗಳ ಮೊದಲಲ್ಲಿ ಒಬ್ಬ ಹುಡುಗನ ಕುತ್ತಿಗೆ ಗಡ್ಡೆಯ ಕೀವು ಬಂತು. ಫಾರ್ಮಿನಲ್ಲಿ "ಬೆಕ್ಕಿನ ಮರಿ, ಪರಚಿದೆ" ಎಂದು ಬರೆದಿತ್ತು. ಪಿಸಿಆರ್ ಉತ್ತರ ಬಂದಾಗಿದೆ, ಔಷಧಿಯೂ ಮುಗಿದಿದೆ, ಗಡ್ಡೆಯನ್ನು ಯಾರೂ ಕೊಯ್ದಿಲ್ಲ. ಅವನ ಪ್ಲೇಟು ಮಾತ್ರ ಇನ್ನೂ ಇನ್‌ಕ್ಯುಬೇಟರ್‌ನಲ್ಲಿದೆ. ಇವತ್ತಿಗೆ ಹನ್ನೆರಡನೇ ದಿನ.