ಸಹಿಗೆ ಮೊದಲು ಒಂದು ಪ್ರಶ್ನೆ

ಶಿರಸಿ ಸಮೀಪದ ನಮ್ಮೂರ ಶಾಲೆಯಲ್ಲಿ ಇಂದು ಪೋಷಕರ ಸಭೆಯಿತ್ತು. ಅಡಿಕೆಯ ಕೊನೆಕೊಯ್ಲಿನ ದಿನಗಳಾದ್ದರಿಂದ ಗಂಡಸರು ವಿರಳ. ಬಂದ ತಾಯಂದಿರಲ್ಲಿ ಹಲವರ ಬೆರಳುಗಳಲ್ಲಿ ಹಸಿ ಅಡಿಕೆ ಸುಲಿದ ಕಪ್ಪು ಕಲೆ ಇನ್ನೂ ಮಾಸಿರಲಿಲ್ಲ. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೂ ಅರ್ಧದಷ್ಟು ಮಹಿಳೆಯರೂ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆಯಾದರೂ, ಅವರ ಪಾಲಿಗೆ ಸಾಮಾನ್ಯವಾಗಿ ಉಳಿಯುವುದು ನಡಾವಳಿ ಪುಸ್ತಕದಲ್ಲೊಂದು ಸಹಿ ಮತ್ತು ಆಮೇಲಿನ ಚಹಾ. (ಚಹಾ ಚೆನ್ನಾಗಿಯೇ ಇತ್ತು.) ಇಂದು ಮಾತ್ರ ಒಬ್ಬಾಕೆ ಪೆನ್ನು ಹಿಡಿದವರು ಸಹಿ ಹಾಕದೆ, "ಅಕ್ಕೋರೇ, ನಂಗೆ ಓದೂಕೆ ಬರೂದಿಲ್ಲ, ಮಗ ಓದಿದ್ದು ಸರಿಯೋ ತಪ್ಪೋ ಹೆಂಗೆ ತಿಳೀಬೇಕು?" ಎಂದು ಶಿಕ್ಷಕಿಯನ್ನು ಕೇಳಿದರು. "ಪಾಠದ ಕಥೆಯನ್ನು ಅವನ ಬಾಯಲ್ಲೇ ಹೇಳಿಸಿ, ತಡವರಿಸಿದರೆ ನಿಮಗೇ ಗೊತ್ತಾಗುತ್ತದೆ" ಎಂದರು ಅಕ್ಕೋರು. ಕಾಂಪೌಂಡ್ ದುರಸ್ತಿಯ ಚರ್ಚೆ ಅಲ್ಲಿಗೇ ನಿಂತು, ಉಳಿದ ಅರ್ಧ ಗಂಟೆ ಇದೇ ಮಾತು ನಡೆಯಿತು.