ಅಕ್ಕ, ಹೊಸ ಫ್ಲಾಟ್ ಬಿಟ್ಟು ಆ ಹಳೇ ಮನೆ ಯಾಕೆ ತಗೊಂಡ್ರಿ?

ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ. ಓದಿದರೆ ಸಂತೋಷ. ಓದೋಕೆ ಬೇಜಾರಾಗಿ ಕೇಳುವುದನ್ನೇ ಬಿಟ್ಟರೆ ಇನ್ನೂ ಸಂತೋಷ.

ನಾವಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಐಟಿ ಕೆಲಸಕ್ಕೆಂದು ಬಂದ ಕನ್ನಡದವರು ಇಲ್ಲಿ ಬೇಕಾದಷ್ಟಿದ್ದಾರೆ. ಬಾಡಿಗೆ ಕಟ್ಟಿ ಸುಸ್ತಾಗಿ ಸ್ವಂತ ಮನೆ ಅಂತ ಹೊರಟರೆ ನಮ್ಮಂಥವರ ಕೈಗೆಟುಕುವುದು ಎರಡೇ. ಒಂದು, ರೈಲ್ವೆ ಸ್ಟೇಷನ್ ಸುತ್ತ ಎದ್ದಿರುವ ಹೊಸ ಕಟ್ಟಡಗಳಲ್ಲಿ ಫ್ಲಾಟು. ಇನ್ನೊಂದು, ವಿಕ್ಟೋರಿಯಾ ರಾಣಿ ಕಾಲದ ಸಾಲುಮನೆ. ಬೀದಿಯುದ್ದಕ್ಕೂ ಮನೆಗೆ ಮನೆ ಅಂಟಿಕೊಂಡಿರುತ್ತದೆ, ಎರಡು ಮನೆಗೆ ನಡುವೆ ಒಂದೇ ಗೋಡೆ. ನಾವು ತಗೊಂಡಿದ್ದು ಅಂಥದ್ದು. ನ್ಯೂಟೌನ್ ಎಂಬ ಹೆಸರಿನ ಹಳೇ ಬಡಾವಣೆಯಲ್ಲಿ. ಹಂಟ್ಲಿ ಅಂಡ್ ಪಾಮರ್ಸ್ ಬಿಸ್ಕತ್ ಫ್ಯಾಕ್ಟರಿಯ ಕೆಲಸಗಾರರು ಒಂದು ಕಾಲಕ್ಕೆ ಇದ್ದ ಜಾಗ. ಫ್ಯಾಕ್ಟರಿ ಹೋಯಿತು, ಮನೆಗಳು ಉಳಿದವು.

ಈಗ ಪ್ರಶ್ನೆ ಕೇಳುವ ರೀತಿ ನೋಡಿ. ‘ಬಜೆಟ್ ಸಾಲ್ಲಿಲ್ವಾ?’ ಇದು ಒಂದು. ‘ಯಾರ್ಯಾರೋ ಇದ್ದು ಬಿಟ್ಟ ಮನೆ, ಮನಸ್ಸಿಗೆ ಒಂಥರಾ ಆಗಲ್ವಾ?’ ಇದು ಇನ್ನೊಂದು. ಆಗಲ್ಲ ತಾಯಿ. ನೂರಿಪ್ಪತ್ತಕ್ಕೂ ಹೆಚ್ಚು ವರ್ಷದಲ್ಲಿ ಯಾರ್ಯಾರೋ ಇದ್ದೂ ಬೀಳದ ಮನೆ ಅಂತ ಧೈರ್ಯ ಬರುತ್ತದೆ. ಇಂಗ್ಲೆಂಡಿನ ಮನೆಗಳಲ್ಲಿ ಹೆಚ್ಚುಕಮ್ಮಿ ಐದರಲ್ಲಿ ಒಂದು 1919ಕ್ಕೆ ಮೊದಲು ಕಟ್ಟಿದ್ದು. ಇಲ್ಲಿಯವರಿಗೆ ಇದು ಮಾತಾಡುವ ವಿಷಯವೇ ಅಲ್ಲ. ಹಳೇದು ಅಂದರೆ ಮೂಗು ಮುರಿಯುವವರು ನಾವೇ.

ಎಲ್ಲಕ್ಕಿಂತ ಸಿಟ್ಟು ಬಂದಿದ್ದು ಗಣೇಶನ ಹಬ್ಬದ ಊಟದಲ್ಲಿ. ಕಮ್ಯುನಿಟಿ ಹಾಲ್‌ನಲ್ಲಿ ಪೇಪರ್ ತಟ್ಟೆ ಹಿಡಿದು ಕೋಸಂಬರಿ ಚೆಲ್ಲದ ಹಾಗೆ ನಿಂತಿದ್ದೇನೆ. ಬೆಂಗಳೂರಿನ ಹುಡುಗ ಒಬ್ಬ, ಹೆಂಡತಿ ಜೊತೆ ಬಂದ. ಫೋನ್ ತೆಗೆದು ಬ್ರೋಷರ್ ತೋರಿಸಿದ. ಜಿಮ್ ಇದೆ ಅಕ್ಕ. ರೂಫ್ ಗಾರ್ಡನ್ ಇದೆ. ಕೆಳಗೆ ಕನ್ಸಿಯರ್ಜ್ ಇರ್ತಾನೆ, ಪಾರ್ಸೆಲ್ ತಗೋತಾನೆ. ಕಿಚನ್ ಕೌಂಟರ್ ಕ್ವಾರ್ಟ್ಸ್. ಇಷ್ಟು ಹೇಳಿ, ‘ನೀವ್ಯಾಕಕ್ಕಾ ಹಳೇ ಮನೇಲಿ ಒದ್ದಾಡ್ತಿದ್ದೀರಾ?’ ಅಂದ. ಪಕ್ಕದಲ್ಲಿದ್ದವರೂ ತಿರುಗಿ ನೋಡಿದರು.

ನಾನು ಕೇಳಿದೆ, ‘ಲೀಸ್ ಎಷ್ಟು ವರ್ಷದ್ದಪ್ಪಾ?’

‘ಅದೆಲ್ಲ ಸಾಲಿಸಿಟರ್ ನೋಡ್ಕೋತಾರೆ ಅಕ್ಕ. ಬಿಲ್ಡರೇ ಒಬ್ರನ್ನ ಹೇಳಿದ್ದಾರೆ, ಫೀಸೂ ಕಮ್ಮಿ.’

ಹೆಂಡತಿ ಅಲ್ಲೇ ತಡೆದಳು. ‘ಲೀಸ್ ಅಂದ್ರೆ? ನಾವು ಕೊಂಡ್ಕೋತಿರೋದಲ್ವಾ?’

ಆ ಗುಂಪಿನಲ್ಲಿ ಸರಿಯಾದ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ಅವನು ‘ಆಮೇಲೆ ಹೇಳ್ತೀನಿ’ ಅಂದ. ಹೇಳಿದನೋ ಇಲ್ಲವೋ ಗೊತ್ತಿಲ್ಲ.

ನನಗೆ ಅರ್ಥವಾಗದ ವಿಷಯ ಇದು. ಇದೇ ಹುಡುಗ ಬೆಂಗಳೂರಿನಲ್ಲಿ ಮೂವತ್ತು ನಲವತ್ತರ ಸೈಟ್ ತಗೊಳ್ಳೋಕೆ ಹೋದ ಅಂತಿಟ್ಟುಕೊಳ್ಳಿ. ಎ ಖಾತಾನಾ ಬಿ ಖಾತಾನಾ ಅಂತ ಮೊದಲು ಕೇಳುತ್ತಾನೆ. ಮೂವತ್ತು ವರ್ಷದ ಇ.ಸಿ. ತೆಗೆಸುತ್ತಾನೆ. ಮದರ್ ಡೀಡ್ ಕೇಳುತ್ತಾನೆ. ಅವರಪ್ಪ ಗೊತ್ತಿರುವ ಲಾಯರ್ ಹತ್ತಿರ ಕಾಗದಪತ್ರ ತಗೊಂಡು ಹೋಗಿ ಸಂಜೆವರೆಗೆ ಕೂರುತ್ತಾರೆ. ಅಪಾರ್ಟ್‌ಮೆಂಟ್ ಆದರೆ ನೆಲದಲ್ಲಿ ನಮ್ಮ ಪಾಲು ಎಷ್ಟು ಚದರಡಿ ಅಂತ ಲೆಕ್ಕ ಹಾಕುತ್ತಾನೆ. ಹೀಥ್ರೂನಲ್ಲಿ ಇಳಿದ ಕೂಡಲೇ ಅದೆಲ್ಲ ಮರೆತುಹೋಗಿ, ಕ್ವಾರ್ಟ್ಸ್ ಕೌಂಟರ್ ನೋಡಿ ಸಹಿ ಹಾಕುತ್ತಾನೆ. ಇಂಗ್ಲಿಷರು ಮೋಸ ಮಾಡಲ್ಲ ಅನ್ನುವ ನಂಬಿಕೆ ಇನ್ನೂ ಹೋಗಿಲ್ಲ, ಪಾಪ.

ಮೋಸ ಮಾಡಲ್ಲ, ನಿಜ. ಎಲ್ಲವನ್ನೂ ಬರೆದೇ ಕೊಡುತ್ತಾರೆ. ಓದಬೇಕಷ್ಟೆ.

ಹಾಗಾಗಿ ನೀವು ಕೇಳಬೇಕಿದ್ದ ಪ್ರಶ್ನೆಯನ್ನು ನಾನೇ ಕೇಳಿಕೊಳ್ಳುತ್ತೇನೆ. ನೆಲ ಯಾರದು? ಚಾವಣಿ ಸೋರಿದರೆ ಯಾವಾಗ ರಿಪೇರಿ, ಯಾರಿಂದ, ಎಷ್ಟಕ್ಕೆ ಅಂತ ತೀರ್ಮಾನ ಮಾಡುವವರು ಯಾರು?

ಇಂಗ್ಲೆಂಡಿನಲ್ಲಿ ಸಾಲುಮನೆ ಸಾಮಾನ್ಯವಾಗಿ ಫ್ರೀಹೋಲ್ಡ್. ನೆಲ, ಗೋಡೆ, ಹೆಂಚು, ಹಿತ್ತಿಲು ಎಲ್ಲ ನಿಮ್ಮದು. ಫ್ಲಾಟ್ ಹೆಚ್ಚುಕಮ್ಮಿ ಯಾವಾಗಲೂ ಲೀಸ್‌ಹೋಲ್ಡ್. ಕಟ್ಟಡ, ನೆಲ ಬೇರೆ ಯಾರದ್ದೋ. ಅಲ್ಲಿ ಇಷ್ಟು ವರ್ಷ ಇರುವ ಹಕ್ಕನ್ನು ನೀವು ಲಕ್ಷಗಟ್ಟಲೆ ಪೌಂಡ್ ಕೊಟ್ಟು ಕೊಳ್ಳುತ್ತೀರಿ. 99 ವರ್ಷ, 125 ವರ್ಷ, 250 ವರ್ಷ, ಅದೃಷ್ಟ ಇದ್ದರೆ 999. (ಸ್ಕಾಟ್ಲೆಂಡಿನಲ್ಲಿ ಈ ರಗಳೆ ಇಲ್ಲ. ಎಡಿನ್‌ಬರೋದವರು ಆರಾಮಾಗಿರಿ.) ಲೀಸ್ 80 ವರ್ಷಕ್ಕಿಂತ ಕೆಳಗಿಳಿದರೆ ಅದನ್ನು ಮುಂದುವರಿಸೋಕೆ ಕೊಡಬೇಕಾದ ದುಡ್ಡು ಒಂದೇ ಸಲ ಜಿಗಿಯುತ್ತದೆ. ಈ ಜಿಗಿತವನ್ನು ತೆಗೆದುಹಾಕಲು 2024ರಲ್ಲಿ ಕಾನೂನು ಪಾಸಾಯಿತು, ಆದರೆ ಅದರ ಎಲ್ಲ ಭಾಗಗಳೂ ಒಟ್ಟಿಗೆ ಜಾರಿಗೆ ಬರಲಿಲ್ಲ.

ನೆಲದ ಮಾಲೀಕರಿಗೆ ವರ್ಷವರ್ಷ ಕಟ್ಟುವ ನೆಲಬಾಡಿಗೆಯ ಕಾಟ ಮಾತ್ರ ಹೊಸ ಫ್ಲಾಟ್‌ಗಳಿಗೆ ತಪ್ಪಿದೆ. ಮೊದಲು ಕೆಲವು ಲೀಸ್‌ಗಳಲ್ಲಿ ಅದು ಹತ್ತು ವರ್ಷಕ್ಕೊಮ್ಮೆ ದುಪ್ಪಟ್ಟಾಗುವ ಹಾಗೆ ಬರೆದಿರುತ್ತಿದ್ದರು. 2022ರ ಜೂನ್ 30ರಿಂದ ಹೊಸ ಲೀಸ್‌ಗೆ ಅದನ್ನು ವಸೂಲಿ ಮಾಡುವಂತಿಲ್ಲ. ಕೇಳಿದರೆ ವರ್ಷಕ್ಕೆ ಒಂದು ಮೆಣಸಿನ ಕಾಳು ಕೇಳಬಹುದು, ಅಷ್ಟೆ. ತಮಾಷೆ ಮಾಡುತ್ತಿಲ್ಲ, ಕಾನೂನಿನಲ್ಲೇ ಹಾಗಿದೆ.

ಆದರೆ ಸರ್ವೀಸ್ ಚಾರ್ಜ್‌ಗೆ ಮೆಣಸಿನ ಕಾಳು ನಡೆಯಲ್ಲ. ಲಿಫ್ಟು, ಕಾರಿಡಾರ್ ಗುಡಿಸುವುದು, ಕಟ್ಟಡದ ಇನ್ಶೂರೆನ್ಸು, ಆ ಜಿಮ್ಮು, ಪಾರ್ಸೆಲ್ ತಗೊಳ್ಳುವ ಕನ್ಸಿಯರ್ಜ್, ಇದನ್ನೆಲ್ಲ ನೋಡಿಕೊಳ್ಳುವ ಏಜೆಂಟರ ಫೀಸು, ಎಲ್ಲ ಸೇರಿ ನಿಮ್ಮ ತಲೆ ಮೇಲೆ. ವರ್ಷಕ್ಕೆ ಎರಡು ಸಾವಿರ ಪೌಂಡ್ ದಾಟುವುದು ಅಪರೂಪವೇನಲ್ಲ. ಇಷ್ಟೇ ಇರಬೇಕು ಅಂತ ಕಾನೂನಿನಲ್ಲಿ ಮೇಲ್ಮಿತಿ ಇಲ್ಲ. ‘ನ್ಯಾಯವಾಗಿರಬೇಕು’ ಅಂತ ಇದೆ. ಅನ್ಯಾಯ ಅನಿಸಿದರೆ ಟ್ರಿಬ್ಯೂನಲ್‌ಗೆ ಹೋಗಿ ವಾದ ಮಾಡಬೇಕು, ಆಫೀಸಿಗೆ ರಜೆ ಹಾಕಿ. ದೊಡ್ಡ ರಿಪೇರಿಯಲ್ಲಿ ನಿಮ್ಮ ಪಾಲು 250 ಪೌಂಡ್ ಮೀರುವುದಾದರೆ ಮೊದಲೇ ನಿಮ್ಮ ಅಭಿಪ್ರಾಯ ಕೇಳಬೇಕು ಅಂತ ನಿಯಮ ಇದೆ. ಪತ್ರ ಬರುತ್ತದೆ, ನೀವು ಅಭಿಪ್ರಾಯ ಹೇಳಬಹುದು. ಬೇಡ ಅನ್ನುವ ಅಧಿಕಾರ ಅದರಲ್ಲಿ ಬರುವುದಿಲ್ಲ.

ಲೀಸ್‌ನಲ್ಲಿ ಇನ್ನೂ ಏನೇನೋ ಇರುತ್ತದೆ. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವಂತಿಲ್ಲ. ಕಾರ್ಪೆಟ್ ತೆಗೆದು ಮರದ ನೆಲ ಹಾಕುವಂತಿಲ್ಲ. ಬಾಡಿಗೆಗೆ ಕೊಡಬೇಕಾದರೆ ಅನುಮತಿ, ಅದಕ್ಕೂ ಫೀಸು. ಊರಲ್ಲಿ ಮನೆ ಓನರ್ ಕಾಟ ತಾಳಲಾರದೆ ಸ್ವಂತ ಮನೆ ಮಾಡಿದವರ ಮಕ್ಕಳು ಇಲ್ಲಿ ಬಂದು ದುಡ್ಡು ಕೊಟ್ಟು ಓನರ್‌ನ ತಂದುಕೊಳ್ಳುತ್ತಾರೆ.

ಗ್ರೆನ್‌ಫೆಲ್ ಬಗ್ಗೆ ಹೇಳದೆ ಮುಂದೆ ಹೋಗೋಕಾಗಲ್ಲ. 2017ರ ಜೂನ್ 14ರಂದು ಪಶ್ಚಿಮ ಲಂಡನ್ನಿನ 24 ಮಹಡಿಯ ಆ ಟವರ್ ಹೊತ್ತಿ ಉರಿದು 72 ಜನ ಸತ್ತರು. ಹೊರಗೋಡೆಗೆ ಹೊದಿಸಿದ್ದ ಕ್ಲಾಡಿಂಗ್ ಬೆಂಕಿಯನ್ನು ಮೇಲಕ್ಕೆ ಹರಡಿತು. ಆಮೇಲೆ ದೇಶದ ತುಂಬ ಕಟ್ಟಡಗಳ ಗೋಡೆ ಪರೀಕ್ಷೆ ಶುರುವಾಯಿತು. 2019ರ ಕೊನೆಗೆ ಇಡಬ್ಲ್ಯುಎಸ್1 ಅಂತ ಒಂದು ಫಾರ್ಮ್ ಬಂತು, ಹೊರಗೋಡೆಯಿಂದ ಬೆಂಕಿ ಅಪಾಯ ಎಷ್ಟು ಅಂತ ಪರಿಣತರು ನೋಡಿ ಬರೆದುಕೊಡುವುದು. ಅದಿಲ್ಲದ ಎಷ್ಟೋ ಫ್ಲಾಟ್‌ಗಳ ಮೇಲೆ ಬ್ಯಾಂಕ್ ಸಾಲ ಕೊಡಲಿಲ್ಲ. ಸಾಲ ಇಲ್ಲ ಅಂದರೆ ಕೊಳ್ಳುವವರಿಲ್ಲ. ಮಗು ಹುಟ್ಟಿ ಜಾಗ ಸಾಲದಾದರೂ ಮಾರಲಾಗದೆ ಅಲ್ಲೇ ಉಳಿದ ಕುಟುಂಬಗಳನ್ನು ನಾನು ನೋಡಿದ್ದೇನೆ. 2022ರ ಕಟ್ಟಡ ಸುರಕ್ಷತಾ ಕಾನೂನು ಬಂದ ಮೇಲೆ 11 ಮೀಟರ್ ಅಥವಾ ಐದು ಮಹಡಿ ಮತ್ತು ಅದಕ್ಕಿಂತ ಎತ್ತರದ ಕಟ್ಟಡಗಳಲ್ಲಿ ಫ್ಲಾಟ್ ಕೊಂಡ ಬಹುಪಾಲು ಜನರಿಗೆ ಕ್ಲಾಡಿಂಗ್ ಖರ್ಚಿನಿಂದ ರಕ್ಷಣೆ ಸಿಕ್ಕಿದೆ. ಅದಕ್ಕಿಂತ ಗಿಡ್ಡ ಕಟ್ಟಡದಲ್ಲಿದ್ದರೆ ಆ ರಕ್ಷಣೆ ಇಲ್ಲ. ಈಗ ಕಟ್ಟುವ ಕಟ್ಟಡಗಳಿಗೆ ನಿಯಮ ಬಿಗಿಯಾಗಿದೆ, ಒಪ್ಪುತ್ತೇನೆ. ಹೊಸದು ಅಂದರೆ ತೊಂದರೆ ಇಲ್ಲ ಅನ್ನುವ ಮಾತನ್ನು ಮಾತ್ರ ನನ್ನ ಮುಂದೆ ಆಡಬೇಡಿ.

ಸರಿ, ಈಗ ನನ್ನ ಮನೆ ಬಗ್ಗೆ ನೀವು ಆಡಿಕೊಳ್ಳುವುದೆಲ್ಲ ನಿಜ. ಥಂಡಿ. ಇದರ ಗೋಡೆ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ನಡುವೆ ಟೊಳ್ಳು ಬಿಟ್ಟಿಲ್ಲ. ಟೊಳ್ಳು ಗೋಡೆ ಮಾಮೂಲಾಗಿದ್ದು 1920-30ರ ಈಚೆಗೆ. ನಮ್ಮದರಲ್ಲಿ ಶಾಖ ನಿಲ್ಲಲ್ಲ, ಗ್ಯಾಸ್ ಬಿಲ್ ಜಾಸ್ತಿ. ಮೆಟ್ಟಿಲು ಎಷ್ಟು ಕಡಿದು ಅಂದರೆ ನಮ್ಮ ಮಾವ ಒಂದೊಂದು ಮೆಟ್ಟಿಲಿಗೂ ಒಂದೊಂದು ದೇವರನ್ನು ನೆನೆಯುತ್ತಾರೆ.

ಬಚ್ಚಲು ಅಡುಗೆಮನೆ ದಾಟಿ ಹಿಂದೆ ಇದೆ. ಈ ಮನೆಗಳನ್ನು ಕಟ್ಟುವಾಗ ಒಳಗೆ ಬಚ್ಚಲೇ ಇರಲಿಲ್ಲ, ಕಕ್ಕಸು ಹಿತ್ತಿಲಲ್ಲಿತ್ತು. ಆಮೇಲೆ ಯಾರೋ ಹಿಂದಕ್ಕೆ ಒಂದು ಕೋಣೆ ಎಳೆದು ಸೇರಿಸಿದ್ದಾರೆ. ಅತ್ತೆ ಮೊದಲ ಸಲ ಬಂದಾಗ ‘ಅಡುಗೆಮನೆ ಮೇಲೆ ಹಾದು ಸ್ನಾನಕ್ಕೆ ಹೋಗ್ಬೇಕೇನೇ?’ ಅಂದರು. ‘ಹಾಸನದ ನಿಮ್ಮ ಹಳೇ ಮನೇಲೂ ಬಚ್ಚಲು ಹಿಂದೇನೇ ಇತ್ತಲ್ವಾ ಅತ್ತೆ’ ಅಂದೆ. ಎರಡು ದಿನ ಮಾತು ಕಮ್ಮಿಯಾಯಿತು. ಆಮೇಲೆ ಹಿತ್ತಿಲಲ್ಲಿ ಮೆಂತ್ಯ ಸೊಪ್ಪು ಹಾಕಿದರು.

‘ಹಳೇ ಮನೆ ಅಂದ್ರೆ ಡ್ಯಾಂಪ್ ಅಲ್ವಾ?’ ಅಂತ ಕೇಳುವವರಿಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಹಳೇ ಗೋಡೆಗೆ ಸುಣ್ಣದ ಗಾರೆ ಹಾಕಿರುತ್ತಾರೆ. ಅದು ಮಳೆಯ ತೇವ ಹೀರುತ್ತದೆ, ಬಿಸಿಲಿಗೆ, ಗಾಳಿಗೆ ಬಿಡುತ್ತದೆ. ನಡುವೆ ಬಂದವರು ಬುದ್ಧಿವಂತಿಕೆ ತೋರಿಸಿ ಇಟ್ಟಿಗೆ ಸಂದಿಗೆ ಸಿಮೆಂಟ್ ಮೆತ್ತಿರುತ್ತಾರೆ, ಒಳಗೆ ಪ್ಲಾಸ್ಟಿಕ್ ಪೇಂಟ್ ಬಳಿದಿರುತ್ತಾರೆ. ತೇವಕ್ಕೆ ಹೊರಗೆ ಹೋಗೋಕೆ ದಾರಿ ಇರಲ್ಲ. ನೆಲದ ಹಲಗೆ ಕೆಳಗೆ ಗಾಳಿಯಾಡಲೆಂದು ಗೋಡೆಯ ಬುಡದಲ್ಲಿ ತೂತಿನ ಇಟ್ಟಿಗೆ ಇಟ್ಟಿರುತ್ತಾರೆ. ಯಾರೋ ಅಂಗಳಕ್ಕೆ ಕಲ್ಲು ಹಾಸುವಾಗ ಅದನ್ನು ಮುಚ್ಚಿರುತ್ತಾರೆ. ತೊಲೆ ಕೊಳೆಯೋಕೆ ಅಷ್ಟು ಸಾಕು. ಇನ್ನು ಎಷ್ಟೋ ಮನೆಯ ‘ಡ್ಯಾಂಪ್’ ನಾವೇ ಮಾಡಿಕೊಂಡಿದ್ದು. ಜನವರಿಯಲ್ಲಿ ಕಿಟಕಿಯೆಲ್ಲ ಮುಚ್ಚಿ, ಕುಕ್ಕರ್ ಕೂಗಿಸಿ, ಸಾರು ಕುದಿಸಿ, ರೇಡಿಯೇಟರ್ ಮೇಲೆ ಒದ್ದೆ ಬಟ್ಟೆ ಹರಡಿದರೆ ಗೋಡೆ ಮೂಲೆ ಕಪ್ಪಾಗದೆ ಇನ್ನೇನಾಗುತ್ತದೆ? ಮೊದಲು ಕಿಟಕಿ ತೆಗೆಯಿರಿ. ಅದಕ್ಕೂ ಮೊದಲೇ ಗೋಡೆಗೆ ಕೆಮಿಕಲ್ ಇಂಜೆಕ್ಷನ್ ಚುಚ್ಚುತ್ತೇನೆ ಅಂತ ಬರುವವರನ್ನು ಒಳಗೆ ಬಿಡಬೇಡಿ.

ಒಗ್ಗರಣೆ ವಿಷಯದಲ್ಲಿ ಮಾತ್ರ ನನಗೆ ಚರ್ಚೆ ಬೇಡ. ಹೊಸ ಫ್ಲಾಟ್‌ಗಳಲ್ಲಿ ಅಡುಗೆಮನೆ, ಹಾಲ್ ಎರಡೂ ಒಂದೇ ಕೋಣೆ. ಒಲೆ ಮೇಲಿನ ಹುಡ್ ಎಷ್ಟೋ ಕಡೆ ಹೊಗೆಯನ್ನು ಫಿಲ್ಟರ್‌ನಲ್ಲಿ ಸೋಸಿ ಮತ್ತೆ ಕೋಣೆಗೇ ಬಿಡುತ್ತದೆ. ಒಣಮೆಣಸಿನಕಾಯಿ ಘಾಟು ಸೋಫಾದಲ್ಲಿ ಸೇರಿಕೊಳ್ಳುತ್ತದೆ. ಅಲಾರಂ ಹೊಡೆದುಕೊಂಡರೆ ಬಾಗಿಲ ಮುಂದೆ ಟವೆಲ್ ಬೀಸುತ್ತಾ ನಿಲ್ಲಬೇಕು. ನನ್ನ ಅಡುಗೆಮನೆಗೆ ಹಿತ್ತಿಲ ಬಾಗಿಲಿದೆ. ತೆಗೆದು ಒಗ್ಗರಣೆ ಹಾಕುತ್ತೇನೆ. ಪಕ್ಕದ ಮನೆಯ ಅಜ್ಜಿ ಬೇಲಿ ಮೇಲಿಂದ ಕೆಮ್ಮುತ್ತಾರೆ, ಆಮೇಲೆ ಏನು ಅಡುಗೆ ಅಂತ ಕೇಳುತ್ತಾರೆ.

‘ಹಾಗಾದ್ರೆ ಫ್ಲಾಟ್ ತಗೊಳ್ಳಲೇಬಾರ್ದಾ?’ ತಗೊಳ್ಳಿ. ಲೀಸ್ 999 ವರ್ಷ ಇದ್ದು, ಹಿಂದಿನ ಮೂರು ವರ್ಷದ ಸರ್ವೀಸ್ ಚಾರ್ಜ್ ಲೆಕ್ಕ ಕೈಗೆ ಸಿಕ್ಕಿ, ಕಟ್ಟಡದ ರಿಪೇರಿ ನಿಧಿಯಲ್ಲಿ ದುಡ್ಡಿದ್ದರೆ ತಗೊಳ್ಳಿ. ಪೂರ್ತಿ ಹೊಸ ಕಟ್ಟಡ ಆದರೆ ಹಿಂದಿನ ಲೆಕ್ಕವೇ ಇರುವುದಿಲ್ಲ, ಬಿಲ್ಡರ್ ಹೇಳುವ ಅಂದಾಜನ್ನು ನಂಬಬೇಕು. ಆ ಅಂದಾಜನ್ನು ಮನೆ ಮಾರುವ ಉತ್ಸಾಹದಲ್ಲಿರುವವರು ಮಾಡಿರುತ್ತಾರೆ, ನೆನಪಿರಲಿ. ಸಾಲಿಸಿಟರ್‌ನ ಮಾತ್ರ ನೀವೇ ಹುಡುಕಿಕೊಳ್ಳಿ, ಬಿಲ್ಡರ್ ಹೇಳಿದವರು ಬೇಡ. ಸಾಲುಮನೆ ಆದರೆ ಸರ್ವೆಗೆ, ಅಂದರೆ ಕೊಳ್ಳುವ ಮೊದಲು ಮನೆಯ ಸ್ಥಿತಿ ತಪಾಸಣೆಗೆ, ದುಡ್ಡು ಉಳಿಸಬೇಡಿ. ಎಲ್ಲಕ್ಕಿಂತ ವಿವರವಾದ ಲೆವೆಲ್ 3 ಮಾಡಿಸಿ. ಕೆಳಗಿನ ಕೋಣೆಯಲ್ಲಿ ಅಗ್ಗಿಷ್ಟಿಕೆಯ ಗೂಡು ಒಡೆದು ತೆಗೆದಿದ್ದರೆ ಮೇಲಿನ ಚಿಮಣಿಯ ಭಾರ ಯಾವುದರ ಮೇಲೆ ನಿಂತಿದೆ ಅಂತ ಕೇಳಿ. ಅನುಮತಿಯ ಸರ್ಟಿಫಿಕೇಟ್ ತೋರಿಸದಿದ್ದರೆ ವಾಪಸ್ ಬನ್ನಿ. ಅಟ್ಟ ಕಟ್ಟಿಸುವ ಆಸೆ ಇದ್ದರೆ ಪಕ್ಕದವರಿಗೆ ಪಾರ್ಟಿ ವಾಲ್ ನೋಟಿಸ್, ಅಂದರೆ ನಡುವಿನ ಗೋಡೆ ಮುಟ್ಟುತ್ತೇವೆ ಅನ್ನುವ ನೋಟಿಸ್, ಕೊಡಬೇಕಾಗಬಹುದು. ಹಾಗಾಗಿ ಬಂದ ದಿನವೇ ಅವರ ಜೊತೆ ಜಗಳ ಬೇಡ.

ಮೂರು ವರ್ಷದಲ್ಲಿ ಊರಿಗೆ ವಾಪಸ್ ಹೋಗುವ ಯೋಚನೆ ಇದ್ದರೆ ಎರಡೂ ಬೇಡ, ಬಾಡಿಗೆಗಿರಿ. ಕೊಳ್ಳೋಕೆ, ಮಾರೋಕೆ ಆಗುವ ಖರ್ಚಲ್ಲೇ ಉಳಿತಾಯ ಮುಗಿಯುತ್ತದೆ.

ವಾಸ್ತು ಕೇಳುವವರಿಗೆ ಕೊನೇ ಮಾತು. ನಮ್ಮ ಬೀದಿಯಲ್ಲಿ ಒಂದು ಬದಿಯ ಮನೆಗಳೆಲ್ಲ ಪೂರ್ವಕ್ಕೆ, ಎದುರು ಬದಿಯವೆಲ್ಲ ಪಶ್ಚಿಮಕ್ಕೆ. ಪೂರ್ವದವರೆಲ್ಲ ಉದ್ಧಾರವಾಗಿ ಪಶ್ಚಿಮದವರೆಲ್ಲ ಹಾಳಾಗಿದ್ದನ್ನು ನಾನಂತೂ ನೋಡಿಲ್ಲ. ಪಾರ್ಕಿಂಗ್ ಜಾಗಕ್ಕೆ ಎರಡೂ ಕಡೆಯವರು ಒಂದೇ ಥರ ಕಿತ್ತಾಡುತ್ತಾರೆ.